ಕೊರಿಯದ ಹುಡುಗಿಯರ ಗಾಯನ ತಂಡ ನ್ಯೂಜೀನ್ಸ್‌ನ ‘ಗೆಟ್ ಅಪ್’ ಬೆಂಗಳೂರಿನ ಹದಿಹರೆಯದವರಿಗೆ ಏಕೆ ಅಷ್ಟು ಇಷ್ಟ?

ಮುಖ್ಯ ಕಾರಣ, ಅದರಲ್ಲಿ ಅಬ್ಬರವಿಲ್ಲ. 2023ರ ಜುಲೈನಲ್ಲಿ ಬಂದ ಈ ಕೊರಿಯನ್ ಕಿರು ಆಲ್ಬಂನಲ್ಲಿ ಆರು ಹಾಡುಗಳಿವೆ, ಒಟ್ಟು ಸುಮಾರು 12 ನಿಮಿಷ. ಜಯನಗರದಲ್ಲಿ ಮೆಟ್ರೊ ಹತ್ತಿದರೆ ಮೆಜೆಸ್ಟಿಕ್ ಬರುವಷ್ಟರಲ್ಲಿ ಹೆಚ್ಚುಕಡಿಮೆ ಎಲ್ಲವೂ ಮುಗಿದಿರುತ್ತದೆ. ಹಾಡಿದ ಐವರೂ ಆಗ 15ರಿಂದ 19 ವರ್ಷದವರು, ಕೇಳುವವರ ಓರಗೆಯವರೇ.

ಅದರಲ್ಲಿನ ‘ಸೂಪರ್ ಶೈ’ ಹಾಡು ಕೇಳಿ ನೋಡಿ: ತಾಳ ಓಡುತ್ತಿರುತ್ತದೆ, ದನಿ ಮಾತ್ರ ಪಿಸುಮಾತಿಗೆ ಹತ್ತಿರ. ಮೆಚ್ಚಿದವರೆದುರು ಬಾಯಿ ಕಟ್ಟಿಹೋಗುವ ಸಂಕೋಚವೇ ಅದರ ವಸ್ತು. ಅದು ಅರ್ಥವಾಗಲು ಕೊರಿಯನ್ ಬರಬೇಕೆಂದೇನಿಲ್ಲ. ಪಲ್ಲವಿ ಹೇಗೂ ಇಂಗ್ಲಿಷಿನಲ್ಲಿದೆ. ತೋಳು ಬೀಸುವ ಅದರ ಕುಣಿತವನ್ನು ಗೆಳತಿಯರು ಸೇರಿ ಕಲಿಯಬಹುದು.

ಹಾಡು ಶುರುವಾಗುವಷ್ಟರಲ್ಲೇ ಮುಗಿಯುತ್ತದೆ ಎಂದು ಹಿರಿಯರು ಗೊಣಗುವುದೂ ನ್ಯಾಯವೇ. ಶೀರ್ಷಿಕೆಯ ಹಾಡಂತೂ ಒಂದು ನಿಮಿಷವನ್ನೂ ಮುಟ್ಟುವುದಿಲ್ಲ.