ಕತೆಯೊಳಗಿನ ಹೊಸ ಸಿಪಾಯಿ

ಯುದ್ಧದ ಕತೆ ಬರೆಯುವವರಿಂದಲೂ ಓದುವವರಿಂದಲೂ ಈ ಸಲ ಬಂದ ಪ್ರಶ್ನೆಗಳೆಲ್ಲ ಹೆಚ್ಚುಕಮ್ಮಿ ಒಬ್ಬನ ಸುತ್ತಲೇ ಇವೆ: ಮೀಸೆ ಸರಿಯಾಗಿ ಮೂಡದ ಹುಡುಗ, ಮೊದಲ ಸಲ ರಣರಂಗ. ಹಾಗಾಗಿ ಒಟ್ಟಿಗೇ ಉತ್ತರಿಸಿದ್ದೇವೆ.

ಪ್ರಶ್ನೆ: ನನ್ನ ಕತೆಯ ನಾಯಕನಿಗೆ 19 ವರ್ಷ. ಮೊದಲ ಕಾಳಗದಲ್ಲಿ ಅವನಿಗಾದ ಭಯವನ್ನು ಎರಡು ಪುಟ ಬರೆದೆ. ಓದಿದವರೆಲ್ಲ ‘ಸಿನಿಮಾ ಥರ ಇದೆ’ ಅನ್ನುತ್ತಾರೆ. ತಪ್ಪಿದ್ದೆಲ್ಲಿ?

ಉತ್ತರ: ನೀವು ಕಳಿಸಿದ ಪುಟಗಳಲ್ಲಿ ನಗಾರಿಯಂತೆ ಬಡಿದುಕೊಳ್ಳುವ ಎದೆ ಇದೆ, ಭಯದ ಬಿರುಗಾಳಿ ಇದೆ, ಕಣ್ಣಮುಂದೆ ಬಂದುಹೋಗುವ ತಾಯಿಯ ಮುಖವೂ ಇದೆ. ಪರೀಕ್ಷೆಯ ಫಲಿತಾಂಶ ನೋಡಲು ಹೊರಟ ಹುಡುಗನಿಗೂ ಇವೆಲ್ಲ ಆಗುತ್ತವೆ. ರಣರಂಗದ ಹೊಸಬನನ್ನು ಹಳಬನಿಂದ ಬೇರೆ ಮಾಡುವುದು ಭಯದ ಪ್ರಮಾಣವಲ್ಲ. ತನ್ನ ಸುತ್ತ ಆಗುತ್ತಿರುವುದಕ್ಕೆ ಏನರ್ಥ ಎಂಬುದು ಅವನಿಗೆ ಗೊತ್ತಿರುವುದಿಲ್ಲ. ಅಲ್ಲಿಂದ ಶುರುಮಾಡಿ.

ಮೊದಲು ಕಿವಿ. ರೈಫಲ್ ಗುಂಡು ಸದ್ದಿಗಿಂತ ವೇಗವಾಗಿ ಹೋಗುತ್ತದೆ. 400 ಮೀಟರ್ ದೂರದಿಂದ ಹಾರಿಸಿದ್ದು ಅರ್ಧ ಸೆಕೆಂಡಿಗೆ ಸ್ವಲ್ಪ ಹೆಚ್ಚು ಹೊತ್ತಿನಲ್ಲಿ ತಲೆಯ ಪಕ್ಕ ‘ಚಟ್’ ಎಂದು ಹಾದುಹೋಗುತ್ತದೆ. ಬಂದೂಕಿನ ‘ಧಬ್’ ಬಂದು ಮುಟ್ಟಲು 1.2 ಸೆಕೆಂಡು ಬೇಕು. ಹಳಬ ಎರಡು ಸದ್ದಿನ ನಡುವಿನ ಬಿಡುವಿನಿಂದ ದೂರ ಅಂದಾಜು ಮಾಡುತ್ತಾನೆ, ಎರಡನೆಯ ಸದ್ದು ಬಂದ ಕಡೆ ತಿರುಗುತ್ತಾನೆ. ಹೊಸಬನಿಗೆ ಅವು ಎರಡು ಬಂದೂಕು. ಅವನು ‘ಚಟ್’ ಎಂದ ಕಡೆ ನೋಡುತ್ತಾನೆ, ಅಲ್ಲಿ ಯಾರೂ ಇರುವುದಿಲ್ಲ. ಕತೆಗೆ ಮೋರ್ಟಾರ್ (ಶೆಲ್ಲನ್ನು ಮೇಲಕ್ಕೆ ಚಿಮ್ಮಿಸುವ ಗಿಡ್ಡ ತೋಪು) ಇನ್ನೂ ಒಳ್ಳೆಯ ಸಾಮಗ್ರಿ. ದೂರದಲ್ಲಿ ಬಾಟಲಿಯ ಬಿರಡೆ ತೆಗೆದಂಥ ‘ಥಪ್’ ಕೇಳಿದ ಮೇಲೆ ಶೆಲ್ ಮೇಲಕ್ಕೇರಿ ಕೆಳಗೆ ಬೀಳಲು, ದೂರಕ್ಕೆ ತಕ್ಕಂತೆ, 15ರಿಂದ 30 ಸೆಕೆಂಡು ಹಿಡಿಯಬಹುದು. ಆ ಹೊತ್ತಿನಲ್ಲಿ ಸುತ್ತಲಿನವರೆಲ್ಲ ಮಾತು ನಿಲ್ಲಿಸಿ ನೆಲಕ್ಕೆ ಅಂಟಿಕೊಂಡಿದ್ದಾರೆ, ನಿಮ್ಮ ಹುಡುಗ ಮಾತ್ರ ಬೂಟಿನ ಲೇಸು ಕಟ್ಟುತ್ತ, ಇವರೆಲ್ಲ ಯಾಕೆ ಮಲಗಿದರು ಎಂದು ನೋಡುತ್ತಿದ್ದಾನೆ. ‘ಭಯ’ ಎಂಬ ಪದವೇ ಬೇಡ. ಓದುಗರ ಹೊಟ್ಟೆಯಲ್ಲಿ ಅದು ಆಗಲೇ ಹುಟ್ಟಿರುತ್ತದೆ.

ಆಮೇಲೆ ಕೈ. ಅಡ್ರಿನಲಿನ್ ಏರಿದಾಗ ಓಡುವ, ಎತ್ತುವ ಬಲ ಹೆಚ್ಚುತ್ತದೆ, ಬೆರಳಿನ ಸೂಕ್ಷ್ಮ ಕೆಲಸ ಕೆಡುತ್ತದೆ. ‘ಅವನು ಭೀತಿಯಿಂದ ತತ್ತರಿಸಿದ’ ಎಂಬ ನಿಮ್ಮ ವಾಕ್ಯದ ಜಾಗದಲ್ಲಿ ಇಂಥದ್ದೊಂದು ಇಟ್ಟು ನೋಡಿ (ಮ್ಯಾಗಜೀನ್ ಎಂದರೆ ಬಂದೂಕಿಗೆ ಸಿಕ್ಕಿಸುವ ಗುಂಡಿನ ಡಬ್ಬಿ): ‘ಮ್ಯಾಗಜೀನ್ ಕೂರಲಿಲ್ಲ. ಅಂಗೈಯಿಂದ ಗುದ್ದಿದ. ಕೂರಲಿಲ್ಲ. ಮೂರನೇ ಸಲ ಗುದ್ದುವಾಗ ಪಕ್ಕದವನು ಕೈಚಾಚಿ, ಮ್ಯಾಗಜೀನ್ ಕಿತ್ತುಕೊಂಡು, ಹಿಂದುಮುಂದು ಮಾಡಿ, ತಿರುಗಿ ಅವನ ಕೈಗೇ ಕೊಟ್ಟ. ಏನೂ ಅನ್ನಲಿಲ್ಲ.’ ಪಕ್ಕದವನು ಏನೂ ಅನ್ನದೇ ಇರುವುದು ಮುಖ್ಯ. ಅವನಿಗೂ ಒಂದು ದಿನ ಹೀಗೇ ಆಗಿತ್ತೆಂದು ಅಷ್ಟರಲ್ಲೇ ತಿಳಿಯುತ್ತದೆ.

ಇನ್ನು ನೋಟ, ಹೊತ್ತು, ನೆನಪು. ಕಣ್ಣಿನ ಅಂಚಿನ ದೃಶ್ಯ ಮಾಯವಾಗಿ ಕೊಳವೆಯೊಳಗಿಂದ ನೋಡಿದಂತಾಗುತ್ತದೆ. ಕೆಲವರಿಗೆ ತಾವು ಹಾರಿಸುವ ಬಂದೂಕಿನ ಸದ್ದೇ ಕೇಳುವುದಿಲ್ಲ. ಎರಡು ಮೂರು ಗುಂಡು ಹಾರಿಸಿದೆ ಅಂದುಕೊಂಡವನ 30 ಗುಂಡಿನ ಮ್ಯಾಗಜೀನ್ ಖಾಲಿಯಾಗಿರುತ್ತದೆ. ಸಾಮಾನ್ಯವಾಗಿ ನಾಲ್ಕೈದು ಸೆಕೆಂಡಿನಲ್ಲಿ ಸಿಡಿಯುವ ಗ್ರೆನೇಡು ಒಂದಿಡೀ ಪುಟ ತಿನ್ನಬಹುದು, ಅರ್ಧ ಗಂಟೆಯ ಕಾಳಗ ಒಂದು ಸಾಲಿನಲ್ಲಿ ಮುಗಿಯಬಹುದು. ನಿಮ್ಮ ನಾಯಕ ‘ನಾನು’ ಎಂದೇ ಕತೆ ಹೇಳುತ್ತಿರುವುದರಿಂದ ಅವನು ಇಡೀ ಕಾಳಗವನ್ನು ನಕ್ಷೆ ಹಿಡಿದವನಂತೆ ವರದಿ ಮಾಡಕೂಡದು. ನಡುವೆ ತೂತುಗಳಿರಲಿ. ಸಂಜೆ ಬೇರೊಬ್ಬರು ಹೇಳಿದ ಮೇಲಷ್ಟೇ ತಾನೇನು ಮಾಡಿದೆ ಎಂದು ಅವನಿಗೆ ತಿಳಿಯಲಿ.

ನಡುಕವನ್ನು ಕಾಳಗದ ನಡುವೆ ಇಟ್ಟಿದ್ದೀರಿ. ಅದೇನೂ ಸುಳ್ಳಲ್ಲ, ಆದರೆ ಜೋರಾಗಿ ಬರುವುದು ಎಲ್ಲ ಮುಗಿದ ಮೇಲೆ. ಬಾಯಿ ಒಣಗುತ್ತದೆ, ಎಳೆದು ಹಾಕಿದಂಥ ನಿದ್ದೆ ಬರುತ್ತದೆ, ಅರ್ಥವಿಲ್ಲದ ನಗೆಯೂ ನಿಲ್ಲದ ಮಾತೂ ಬರುತ್ತವೆ. ಚಡ್ಡಿ ಒದ್ದೆಯಾಗುವುದೂ ಉಂಟು. ಅದು ಹೇಡಿತನದ ಗುರುತೇನಲ್ಲ, ದೇಹದ ಕೆಲಸ.

ಪ್ರಶ್ನೆ: ‘ಉತ್ತರನ ಪೌರುಷ ಒಲೆಯ ಮುಂದೆ’ ಎಂದು ನಗುವ ಭಾಷೆಯಲ್ಲಿ, ಹೆದರಿ ಓಡಿದ ಸಿಪಾಯಿಯ ಬಗ್ಗೆ ಓದುಗರಿಗೆ ಗೌರವ ಹುಟ್ಟುವಂತೆ ಬರೆಯಲು ಆದೀತೇ?

ಉತ್ತರ: ಗಾದೆಯನ್ನು ಪಕ್ಕಕ್ಕಿಟ್ಟು ವಿರಾಟಪರ್ವವನ್ನೇ ಇನ್ನೊಮ್ಮೆ ಓದಿ. ದೊಡ್ಡವರು, ಸೇನೆ ಎಲ್ಲ ತ್ರಿಗರ್ತರ ಮೇಲೆ ಹೋಗಿದ್ದಾರೆ. ಅರಮನೆಯಲ್ಲಿ ಉಳಿದ ಹುಡುಗ ಹೆಂಗಸರೆದುರು ಜಂಬ ಕೊಚ್ಚಿದ್ದು ನಿಜ. ಆದರೆ ಅವನು ರಥದಲ್ಲಿ ನಿಂತು ಕಂಡದ್ದೇನು? ಒಂದು ಕಡೆ ಭೀಷ್ಮ, ದ್ರೋಣ, ಕರ್ಣ, ಕೃಪ, ಅಶ್ವತ್ಥಾಮರ ಸೇನೆ. ಇನ್ನೊಂದು ಕಡೆ ತಾನು ಮತ್ತು ನಾಟ್ಯ ಕಲಿಸುವ ಬೃಹನ್ನಳೆ. ರಥದಿಂದ ಧುಮುಕಿ ಓಡಿದ. ಆ ಲೆಕ್ಕಾಚಾರದಲ್ಲಿ ತಪ್ಪೇನೂ ಇಲ್ಲ.

ಕತೆಗಾರರು ಗಮನಿಸಬೇಕಾದ್ದು ಮುಂದಿನದು. ಅಟ್ಟಿಸಿಕೊಂಡು ಹೋಗಿ ಹಿಡಿದು ತಂದ ಅರ್ಜುನ ಧೈರ್ಯ ಹೇಳಿ ಸುಮ್ಮನಾಗುವುದಿಲ್ಲ, ಕೈಗೆ ಕುದುರೆಯ ಲಗಾಮು ಕೊಡುತ್ತಾನೆ. ಅಸಹಾಯಕತೆಯೇ ಭಯವನ್ನು ಬೆಳೆಸುವುದರಿಂದ ಕೈಗೊಂದು ಸಣ್ಣ, ಖಚಿತ ಕೆಲಸ ಸಿಕ್ಕರೆ ಮನುಷ್ಯ ನಿಲ್ಲುತ್ತಾನೆ. ನಿಮ್ಮ ಹವಾಲ್ದಾರನ ಬಾಯಲ್ಲಿ ದೇಶಭಕ್ತಿಯ ಭಾಷಣ ಬೇಡ. ‘ಆ ಡಬ್ಬಿಯಲ್ಲಿ ಎಷ್ಟು ಗುಂಡಿದೆ, ಎಣಿಸಿ ಹೇಳು’ ಎನ್ನಲಿ. ‘ಈ ಬಟ್ಟೆಯನ್ನು ಗಾಯದ ಮೇಲೆ ಒತ್ತಿ ಹಿಡಿ, ನಾನು ಹೇಳುವ ತನಕ ಬಿಡಬೇಡ’ ಎನ್ನಲಿ. ಈ ಎರಡನೆಯದರಲ್ಲಿ ಇಡೀ ಕತೆಯೇ ಇದೆ. ಗಾಯಾಳು ಯಾವಾಗಲೋ ಸತ್ತಿದ್ದಾನೆ, ಬಿಡು ಎಂದು ಹೇಳಬೇಕಾದವನು ಮರೆತಿದ್ದಾನೆ, ಹುಡುಗ ಇನ್ನೂ ಒತ್ತಿ ಹಿಡಿದೇ ಕೂತಿದ್ದಾನೆ. ಅಂದಹಾಗೆ, ಭಯ ಗೆದ್ದ ಉತ್ತರ ಕುರುಕ್ಷೇತ್ರದ 18 ದಿನಗಳಲ್ಲಿ ಮೊದಲನೆಯ ದಿನವೇ ಶಲ್ಯನ ಕೈಯಲ್ಲಿ ಸಾಯುತ್ತಾನೆ. ಗಾದೆ ಕಟ್ಟಿದವರಿಗೆ ಅದು ನೆನಪಾದಂತಿಲ್ಲ.

ಓಡಿದವನನ್ನು ತೂಗಿ ನೋಡುವವರನ್ನೂ ಬರೆಯಿರಿ. ಮೊದಲ ಮಹಾಯುದ್ಧದಲ್ಲಿ ಬ್ರಿಟಿಷ್ ಸೇನೆಯ ನ್ಯಾಯಾಲಯಗಳು ಮೂರು ಸಾವಿರಕ್ಕೂ ಹೆಚ್ಚು ಮರಣದಂಡನೆ ವಿಧಿಸಿದವು. ಬಹುಪಾಲು ಜಾರಿಯಾಗಲಿಲ್ಲ. ಆದರೂ ಪಲಾಯನ, ಹೇಡಿತನ ಮುಂತಾದ ಆರೋಪಗಳ ಮೇಲೆ ಗುಂಡಿಗೆ ಬಲಿಯಾದ 306 ಮಂದಿಗೆ ಬ್ರಿಟನ್ ಕ್ಷಮಾದಾನ ಕೊಟ್ಟದ್ದು 2006ರಲ್ಲಿ. ಗುಂಡು ಹಾರಿಸುವ ತಂಡಕ್ಕೆ ಆರಿಸುತ್ತಿದ್ದುದು ಎಷ್ಟೋ ಸಲ ಅದೇ ದಳದ ಹುಡುಗರನ್ನು. ಅವರಿಗಾದ ಆಘಾತದ ಕತೆಗಳು ಇನ್ನೂ ಸಾಕಷ್ಟು ಬಂದಿಲ್ಲ ಎಂಬುದು ನಮ್ಮ ಅಭಿಪ್ರಾಯ.

ಪ್ರಶ್ನೆ: 1916ರ ಕಂದಕದಲ್ಲಿ ನಡೆಯುವ ಕತೆ. ಡಾಕ್ಟರ್ ಪಾತ್ರದ ಬಾಯಲ್ಲಿ ‘ಪಿಟಿಎಸ್‌ಡಿ’ ಎನ್ನಿಸಬಹುದೇ?

ಉತ್ತರ: ಬೇಡ. ಆಘಾತದ ನಂತರವೂ ಉಳಿಯುವ ಮಾನಸಿಕ ತೊಂದರೆಯ ಆ ಹೆಸರು ಅಮೆರಿಕದ ಮನೋವೈದ್ಯರ ಅಧಿಕೃತ ಕೈಪಿಡಿಗೆ ಸೇರಿದ್ದೇ 1980ರಲ್ಲಿ. ನಿಮ್ಮ ಡಾಕ್ಟರ್ ‘ಶೆಲ್ ಶಾಕ್’ ಎನ್ನಬಹುದು. ಚಾರ್ಲ್ಸ್ ಮೈಯರ್ಸ್ ಎಂಬ ವೈದ್ಯ 1915ರ ಫೆಬ್ರುವರಿಯಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಆ ಪದ ಬಳಸಿದ್ದ. ಶೆಲ್ ಸಿಡಿದ ಹೊಡೆತಕ್ಕೆ ನರಗಳೇ ಕೆಡುತ್ತವೆ ಎಂಬ ನಂಬಿಕೆ ಆಗ ಬಲವಾಗಿತ್ತು. ಶೆಲ್ಲಿನ ಹತ್ತಿರವೂ ಸುಳಿಯದವರಿಗೆ ಅದೇ ಲಕ್ಷಣ ಕಂಡಾಗ ಗೊಂದಲವಾಯಿತು, 1917ರ ಹೊತ್ತಿಗೆ ಸೇನೆಯೇ ಪದವನ್ನು ತಡೆಯತೊಡಗಿತು. ಇನ್ನೂ ಹಿಂದಿನ ಅಮೆರಿಕದ ಅಂತರ್ಯುದ್ಧದ ಕತೆಯಾದರೆ ಎದೆಬಡಿತ, ಉಸಿರುಗಟ್ಟುವಿಕೆಯ ‘ಸೈನಿಕನ ಹೃದಯ’ ಎಂಬ ಹೆಸರಿದೆ. ಡ ಕೋಸ್ಟ ಎಂಬ ವೈದ್ಯ 1871ರಲ್ಲಿ ಅದನ್ನು ವಿವರವಾಗಿ ದಾಖಲಿಸಿದ.

ಹೆಸರಿನ ಜೊತೆ ಲಕ್ಷಣವೂ ಕಾಲಕ್ಕೆ ತಕ್ಕಂತೆ ಬದಲಾಗುತ್ತದೆ. ಹೆಚ್ಚಿನವರು ಎಡವುವುದು ಇಲ್ಲೇ. ಕಂದಕದ ಯುದ್ಧದಲ್ಲಿ ಗಾಯವಿಲ್ಲದೆ ಮಾತು ನಿಂತವರು, ಕಣ್ಣು ಕಾಣದಾದವರು, ಕಾಲು ಸೋತವರು, ಮೈಯೆಲ್ಲ ಅದುರುತ್ತಿದ್ದವರು ಬಹಳ. ಎಡಿನ್‌ಬರೋದ ಕ್ರೇಗ್‌ಲಾಕ್‌ಹಾರ್ಟ್ ಆಸ್ಪತ್ರೆಯಲ್ಲಿ ಅಧಿಕಾರಿಗಳಿಗೆ ಚಿಕಿತ್ಸೆ ಕೊಟ್ಟ ರಿವರ್ಸ್ ಎಂಬ ವೈದ್ಯ ಗಮನಿಸಿದ್ದು ಇನ್ನೊಂದು: ಸಾಮಾನ್ಯ ಸಿಪಾಯಿಗಳಿಗೆ ಮೂಕತನ, ಪಾರ್ಶ್ವವಾಯುವಿನಂಥವು ಹೆಚ್ಚು; ಅಧಿಕಾರಿಗಳಿಗೆ ಆತಂಕ, ದುಃಸ್ವಪ್ನ ಹೆಚ್ಚು. ‘ನನಗೆ ಆಗುತ್ತಿಲ್ಲ’ ಎಂದು ಬಾಯಿಬಿಟ್ಟು ಹೇಳಲು ಅವಕಾಶವೇ ಇಲ್ಲದವನ ಪರವಾಗಿ ದೇಹ ಮಾತಾಡಿತು ಎನ್ನಬಹುದು. ಹಾಗಾಗಿ ನಿಮ್ಮ 1916ರ ಹುಡುಗನ ನಾಲಿಗೆ ಬಿದ್ದುಹೋದರೆ ಅದು ಅತಿರೇಕವಲ್ಲ. ಇಂದಿನ ಯುದ್ಧದ ಕತೆಯಲ್ಲಿ ಅದನ್ನೇ ಮಾಡಿದರೆ ಓದುಗರು ಹುಬ್ಬೇರಿಸುತ್ತಾರೆ.

ಪ್ರಶ್ನೆ: ಮೊದಲ ದಿನ ಅತ್ತವನು ಮೂರನೇ ವಾರ ಹೆಣದ ಪಕ್ಕ ಕೂತು ಜೋಕ್ ಹೊಡೆಯುತ್ತಾನೆ. ಪಾತ್ರ ಹಳಿ ತಪ್ಪಿತೇ?

ಉತ್ತರ: ಇಲ್ಲ, ಸರಿಯಾದ ಹಳಿಯಲ್ಲೇ ಇದೆ. ಎರಡನೇ ಮಹಾಯುದ್ಧದ ಅಮೆರಿಕನ್ ಸೈನಿಕರನ್ನು ನೋಡಿ ಸ್ವಾಂಕ್ ಮತ್ತು ಮಾರ್ಚಂಡ್ ಎಂಬ ವೈದ್ಯರು 1946ರಲ್ಲಿ ಒಂದು ರೇಖೆ ಬರೆದರು. ಮೊದಲ ಕೆಲವು ದಿನ ಹೊಸಬ ತಪ್ಪು ಮಾಡುತ್ತಾನೆ. ಆಮೇಲೆ ಕೆಲವು ವಾರ ಚುರುಕಾಗಿರುತ್ತಾನೆ. ಸುಮಾರು ಒಂದು ತಿಂಗಳ ಹೊತ್ತಿಗೆ ‘ನನಗೇನೂ ಆಗದು’ ಎಂಬ ಮೊಂಡು ಧೈರ್ಯ ಬಂದು, ಅಲ್ಲಿಂದ ಇಳಿಮುಖ. ಬಿಡುವಿಲ್ಲದೆ 60 ದಿನ ಕಾದಾಡಿ ಬದುಕುಳಿದವರಲ್ಲಿ ನೂರಕ್ಕೆ 98 ಮಂದಿ ಒಂದಲ್ಲ ಒಂದು ರೀತಿ ಮಾನಸಿಕವಾಗಿ ಕುಸಿಯುತ್ತಾರೆ ಎಂದೂ ಬರೆದರು. ಆ ಅಂಕಿಯನ್ನು ವೇದವಾಕ್ಯ ಮಾಡಬೇಡಿ, ಕತೆಗೆ ಬೇಕಾದ್ದು ರೇಖೆಯ ಆಕಾರ. ನಿಮ್ಮ ಹುಡುಗ ಮೂರನೇ ವಾರದಲ್ಲಿ ಜೋಕ್ ಹೊಡೆಯಲಿ, ಎಂಟನೇ ವಾರದಲ್ಲಿ ಅದೇ ಜೋಕನ್ನು ಬೇರೆಯವನು ಹೊಡೆದಾಗ ನಗದಿರಲಿ, ಬೆನ್ನಿಗೆ ಶೆಲ್ ಬೀಳುತ್ತಿದ್ದರೂ ತಲೆ ತಗ್ಗಿಸದೆ ನಿಧಾನ ನಡೆಯಲಿ. ಅದು ಧೈರ್ಯವಲ್ಲ, ದಣಿವು. ಪಕ್ಕದ ಹೊಸಬ ಅದನ್ನು ಧೈರ್ಯವೆಂದೇ ತಿಳಿದು ಅನುಕರಿಸಲು ಹೋಗುತ್ತಾನೆ. ದುರಂತ ಬೇಕಿದ್ದರೆ ಇಲ್ಲೇ ಸಿದ್ಧವಿದೆ.

ಪ್ರಶ್ನೆ: ವಯಸ್ಸು ನಿಜಕ್ಕೂ ಅಷ್ಟು ಮುಖ್ಯವೇ? ಮೂವತ್ತರವನಿಗೂ ಗುಂಡು ಒಂದೇ ಅಲ್ಲವೇ?

ಉತ್ತರ: ಗುಂಡು ಒಂದೇ. ಆದರೆ ಮೂವತ್ತರವನಿಗೆ ಯುದ್ಧಕ್ಕೆ ಮುಂಚೆ ಒಂದು ಬದುಕಿತ್ತು, ಹಿಂದಿರುಗಲು ಒಂದು ಜಾಗವಿದೆ. ಹದಿನೆಂಟರವನ ದೊಡ್ಡತನ ಶುರುವಾಗುವುದೇ ಬಂದೂಕಿನಿಂದ. ದುಡುಕನ್ನು ತಡೆಯುವ, ಮುಂದಿನದನ್ನು ತೂಗುವ ಮಿದುಳಿನ ಮುಂಭಾಗ ಇಪ್ಪತ್ತೈದರ ಆಸುಪಾಸಿನ ತನಕ ಬಲಿಯುತ್ತಲೇ ಇರುತ್ತದೆ ಎಂಬುದೂ ಇದೆ. ಮೊದಲ ಮಹಾಯುದ್ಧದಲ್ಲಿ ಬ್ರಿಟಿಷ್ ಸೇನೆ ಸೇರಲು 18, ಸಾಗರದಾಚೆ ಕಾದಲು 19 ಎಂದು ನಿಯಮವಿತ್ತು. ವಯಸ್ಸು ಸುಳ್ಳು ಹೇಳಿ ಹೋದ ಹುಡುಗರಿಗೆ ಲೆಕ್ಕವಿಲ್ಲ. ಆ ಸುಳ್ಳು ಕತೆಗೆ ಉಪಯುಕ್ತ: ಅವನು ‘ನನಗೆ ಹದಿನಾರು, ಮನೆಗೆ ಕಳಿಸಿ’ ಎಂದರೆ ಹೊರಬರಬಹುದು, ಅನ್ನುವುದಿಲ್ಲ.

ವಯಸ್ಸಿಗಿಂತ ಒಂಟಿತನ ಕೆಟ್ಟದ್ದು. ಎರಡನೇ ಮಹಾಯುದ್ಧದಲ್ಲಿ ಅಮೆರಿಕದ ಸೇನೆ ಸತ್ತವರ, ಗಾಯಗೊಂಡವರ ಜಾಗಕ್ಕೆ ಹೊಸಬರನ್ನು ಒಬ್ಬೊಬ್ಬರಾಗಿ ಕಳಿಸುತ್ತಿತ್ತು. ರಾತ್ರಿ ಬಂದು ಇಳಿದವನ ಹೆಸರು ಬೆಳಿಗ್ಗೆಯವರೆಗೂ ಯಾರಿಗೂ ಗೊತ್ತಿಲ್ಲ. ಹಳಬರು ಅವನ ಹೆಸರು ಕೇಳುವುದೂ ಇಲ್ಲ. ಕೇಳಿದರೆ ನಾಳೆ ನೆನಪಿಟ್ಟುಕೊಳ್ಳಬೇಕಾಗುತ್ತದೆ. ಈ ಒರಟುತನವನ್ನು ಕ್ರೌರ್ಯವೆಂದು ಬರೆಯಬೇಡಿ.

ಪ್ರಶ್ನೆ: ಸಾಯುವ ಭಯ, ಕೊಂದ ಪಾಪಪ್ರಜ್ಞೆ – ಎರಡನ್ನೂ ಒಂದೇ ಆಘಾತವೆಂದು ಬರೆಯಬಹುದೇ?

ಉತ್ತರ: ಬೇರೆಬೇರೆ ಇಡಿ. ವಿಯೆಟ್ನಾಂನಿಂದ ಮರಳಿದವರ ಜೊತೆ ಕೆಲಸ ಮಾಡಿದ ಮನೋವೈದ್ಯ ಜೋನಥನ್ ಶೇ ಈ ಎರಡನೆಯ ಬಗೆಯನ್ನು ‘ನೈತಿಕ ಗಾಯ’ ಎಂದು ಗುರುತಿಸಿದರು. ಅವರ ಒತ್ತು ಮೇಲಿನವರು ಮಾಡಿದ ದ್ರೋಹದ ಮೇಲಿತ್ತು. ಮುಂದೆ ಬಂದವರು ತಾನೇ ಮಾಡಿದ, ಕಂಡೂ ತಡೆಯದ ತಪ್ಪನ್ನೂ ಸೇರಿಸಿದರು. ಭಯ ಹೊಕ್ಕವನು ಬಾಗಿಲು ಬಡಿದರೆ ಬೆಚ್ಚುತ್ತಾನೆ. ಈ ಗಾಯವಾದವನು ಬೆಚ್ಚುವುದಿಲ್ಲ. ಪದಕ ಕೊಟ್ಟರೆ ಡ್ರಾಯರಿನ ತಳಕ್ಕೆ ಹಾಕುತ್ತಾನೆ, ತಂಗಿಯ ಮಗುವನ್ನು ಎತ್ತಿಕೊಳ್ಳಲು ಒಲ್ಲೆ ಎನ್ನುತ್ತಾನೆ, ಹೊಗಳಿದವರ ಮೇಲೆ ರೇಗುತ್ತಾನೆ.

ದೃಶ್ಯ ಬರೆಯುವಾಗ ಕೊಲ್ಲುವ ಕ್ಷಣಕ್ಕಿಂತ ಆಮೇಲಿನ ಜೇಬು ತಪಾಸಣೆಯ ಮೇಲೆ ಹೊತ್ತು ಕಳೆಯಿರಿ. ನಕ್ಷೆ, ಕಾಗದ ಹುಡುಕಲು ಜೇಬಿಗೆ ಕೈ ಹಾಕಲೇಬೇಕು, ಅದು ಆದೇಶ. ಆದರೆ ಫೋಟೋ ಸಿಗುವುದು ಬೇಡ, ಅದು ಸವೆದುಹೋದ ತಂತ್ರ. ತನ್ನ ಜೇಬಿನಲ್ಲಿರುವಂಥದ್ದೇ ಮುರಿದ ಬಾಚಣಿಗೆ ಸಿಗಲಿ, ಅಥವಾ ಅರ್ಧ ತಿಂದು ಮಡಿಸಿಟ್ಟ ಬಿಸ್ಕತ್ತು. ಹಸಿದಿದ್ದರೆ ಅವನು ಅದನ್ನು ತಿನ್ನಲೂಬಹುದು. ವರ್ಷಗಳ ನಂತರ ಅವನಿಗೆ ಮರೆಯಲಾಗದೆ ಉಳಿಯುವುದು ಗುಂಡು ಹೊಡೆದದ್ದಲ್ಲ, ಬಿಸ್ಕತ್ತು ತಿಂದದ್ದು.

ಪ್ರಶ್ನೆ: ಮನೆಗೆ ಬಂದ ದಿನದಿಂದಲೇ ಕೆಟ್ಟ ಕನಸು ಶುರುಮಾಡಲೇ? ಕೊನೆಗೆ ಅವನನ್ನು ಗುಣಪಡಿಸಲೇ?

ಉತ್ತರ: ಈಗಿನ ವೈದ್ಯಕೀಯ ಲೆಕ್ಕದಲ್ಲಿ ಘಟನೆಯಾದ 3 ದಿನದಿಂದ ಒಂದು ತಿಂಗಳವರೆಗಿನದು ತೀವ್ರ ಒತ್ತಡದ ಸ್ಥಿತಿ. ಲಕ್ಷಣಗಳು ತಿಂಗಳು ದಾಟಿದರೆ ಮಾತ್ರ ಪಿಟಿಎಸ್‌ಡಿ. ಆರು ತಿಂಗಳಾದ ಮೇಲೆ ಪೂರ್ತಿಯಾಗಿ ತಲೆಯೆತ್ತುವುದೂ ಉಂಟು. ಅಂದರೆ ಮೊದಲ ವಾರ ಅವನು ನಗುನಗುತ್ತ ಎಲ್ಲರ ಮನೆಗೆ ಹೋಗಿಬರಬಹುದು. ಮನೆಯವರು ನಿಟ್ಟುಸಿರು ಬಿಡಲಿ, ಆಮೇಲೆ ಶುರುವಾಗಲಿ.

ನೆನಪು ಮರುಕಳಿಸುವುದನ್ನು ಓರೆ ಅಕ್ಷರದಲ್ಲಿ ಒಂದು ಪೂರಾ ಯುದ್ಧದ ಅಧ್ಯಾಯ ಮಾಡುವುದು ಈಚಿನ ಚಟ. ನಿಜದಲ್ಲಿ ಬರುವುದು ಚೂರುಗಳು: ಡೀಸೆಲ್ ವಾಸನೆ, ಸುಟ್ಟ ಕೂದಲಿನ ವಾಸನೆ, ಬಟ್ಟೆ ಹರಿದ ಸದ್ದು. ಚಿತ್ರಕ್ಕಿಂತ ಮೊದಲೇ ಮೈ ಬೆವೆತಿರುತ್ತದೆ, ಕಾರಣ ಅವನಿಗೂ ತಿಳಿದಿರುವುದಿಲ್ಲ. ತಪ್ಪಿಸಿಕೊಳ್ಳುವುದನ್ನೂ ಬರೆಯಿರಿ, ಅದು ಕಣ್ಣಿಗೆ ಬೀಳದ ಲಕ್ಷಣ. ಒಂದು ಬೀದಿಯನ್ನು ಬಿಟ್ಟು ಸುತ್ತು ಹಾಕಿ ಹೋಗುತ್ತಾನೆ, ಜಾತ್ರೆಯ ದಿನವೇ ಅವನಿಗೆ ತಲೆನೋವು.

ಗುಣದ ಮಾತಿಗೆ ಬಂದರೆ, ಮದುವೆ ಮಾಡಿಸಿ ಗುಣಪಡಿಸಬೇಡಿ. ಹೆಂಡತಿಯ ಪಾತ್ರಕ್ಕೆ ಅದು ಅನ್ಯಾಯ. ಒಂದೇ ರಾತ್ರಿ ಎಲ್ಲ ಹೇಳಿಕೊಂಡು ಅತ್ತು ಹಗುರಾಗುವುದೂ ಬೇಡ. ಚಿಕಿತ್ಸೆಯಲ್ಲೂ ಅದೇ ಘಟನೆಯನ್ನು ಹತ್ತಾರು ಬಾರಿ, ಬಿಟ್ಟದ್ದನ್ನು ಸೇರಿಸುತ್ತ, ಹೇಳಿಸುತ್ತಾರೆ, ವಾರಗಟ್ಟಲೆ ಹಿಡಿಯುತ್ತದೆ. ಕತೆಯಲ್ಲಿ ಅಳತೆ ಚಿಕ್ಕದಿರಲಿ. ಮೊದಲ ಅಧ್ಯಾಯದಿಂದಲೂ ಬೆನ್ನು ಗೋಡೆಗೆ ಕೊಟ್ಟು, ಬಾಗಿಲ ಕಡೆ ಮುಖ ಮಾಡಿಯೇ ಕೂರುತ್ತಿದ್ದವನು ಕೊನೆಯಲ್ಲಿ ಒಂದು ಸಲ ಬಾಗಿಲಿಗೆ ಬೆನ್ನು ಹಾಕಿ ಊಟಕ್ಕೆ ಕೂರಲಿ. ಅರ್ಧಕ್ಕೇ ಎದ್ದು ಜಾಗ ಬದಲಿಸಿದರೂ ಪರವಾಗಿಲ್ಲ.