ಓದುಗರ ಪ್ರಶ್ನೆಗಳಿಗೆ ಉತ್ತರ: ಆಟಿಸಂ ಮತ್ತು ಹಗಲುಗನಸು

ಪ್ರಶ್ನೆ: ಮಾನ್ಯ ಡಾಕ್ಟರೇ, ನಮ್ಮ ಮಗನಿಗೆ ಹದಿನಾಲ್ಕು ವರ್ಷ. ಏಳನೆಯ ವಯಸ್ಸಿನಲ್ಲಿ ಆಟಿಸಂ ಎಂದು ಗೊತ್ತಾಯಿತು. ಶಾಲೆಯಿಂದ ಬಂದವನೇ ಪೈಜಾಮದ ಲಾಡಿಯ ತುಂಡೊಂದನ್ನು ಬೆರಳಲ್ಲಿ ಅಲ್ಲಾಡಿಸುತ್ತ, ತನ್ನಷ್ಟಕ್ಕೆ ಮಾತನಾಡಿಕೊಳ್ಳುತ್ತ, ಅಡುಗೆಮನೆಯ ಬಾಗಿಲಿನಿಂದ ಬಾಲ್ಕನಿಯವರೆಗೆ ಒಂದೂವರೆ ಗಂಟೆ ಅತ್ತಿಂದಿತ್ತ ನಡೆಯುತ್ತಾನೆ. ಡೊಂಬಿವಲಿಯಿಂದ ಕುಂದಾಪುರಕ್ಕೆ ಓಡುವ ಲೋಕಲ್ ರೈಲೊಂದು ಅವನ ಮನಸ್ಸಿನಲ್ಲಿದೆ. ಅದರ ಫಾಸ್ಟ್, ಸ್ಲೋ ಗಾಡಿಗಳ ವೇಳಾಪಟ್ಟಿ, ಭಾನುವಾರದ ಮೆಗಾಬ್ಲಾಕ್ (ಹಳಿ ದುರಸ್ತಿಗಾಗಿ ಗಾಡಿಗಳನ್ನು ನಿಲ್ಲಿಸುವುದು) ಎಲ್ಲವೂ ನೋಟ್‌ಬುಕ್ಕಿನಲ್ಲಿವೆ. ಪ್ಲಾಟ್‌ಫಾರ್ಮಿನ ಘೋಷಣೆ ಕನ್ನಡದಲ್ಲಿ. ಊರಿಗೆ ಕರೆದೊಯ್ದು ನೂಲು ಕಟ್ಟಿಸೋಣ ಎಂದು ಅತ್ತೆಯವರು ಹೇಳುತ್ತಾರೆ. ಆಟಿಸಂ ಇದ್ದವರಿಗೆ ಕಲ್ಪನಾಶಕ್ತಿಯೇ ಇರುವುದಿಲ್ಲ, ಇವನಿಗಿರುವುದು ಬೇರೇನೋ ಕಾಯಿಲೆ ಎಂದು ಟ್ಯೂಷನ್ ಮೇಷ್ಟ್ರು ಹೇಳುತ್ತಾರೆ. ಇದನ್ನು ನಿಲ್ಲಿಸಬೇಕೇ?
– ಹೆಸರು ಬೇಡ, ಡೊಂಬಿವಲಿ

ಉತ್ತರ: ಮೊದಲು ಮೇಷ್ಟ್ರ ಮಾತನ್ನು ನೋಡೋಣ, ಏಕೆಂದರೆ ಅದು ಅವರೊಬ್ಬರ ಮಾತಲ್ಲ. 1979ರಲ್ಲಿ ಲಂಡನ್ನಿನ ಮನೋವೈದ್ಯೆ ಲೋರ್ನಾ ವಿಂಗ್ ಮತ್ತು ಮನಶ್ಶಾಸ್ತ್ರಜ್ಞೆ ಜುಡಿತ್ ಗೌಲ್ಡ್ ಅವರು ಆಟಿಸಂನ ಲಕ್ಷಣಗಳನ್ನು ವಿವರಿಸುವಾಗ ಸಾಮಾಜಿಕ ಒಡನಾಟ ಮತ್ತು ಸಂವಹನದ ತೊಡಕುಗಳ ಜೊತೆಗೆ ಕಲ್ಪನೆಯ ತೊಡಕನ್ನೂ ಸೇರಿಸಿದರು. ಅವರು ಮುಖ್ಯವಾಗಿ ಗಮನಿಸಿದ್ದು ಮಕ್ಕಳ ಆಟವನ್ನು, ಅಂದರೆ ಮಗು ಇತರರೊಡನೆ ಸೇರಿ ಅಡುಗೆಯಾಟ, ಟೀಚರ್ ಆಟಗಳನ್ನು ಆಡುತ್ತದೆಯೇ ಎಂಬುದನ್ನು. ಕಾಲಕ್ರಮದಲ್ಲಿ ಈ ವಿವರ ಉದುರಿಹೋಗಿ, 'ಕಲ್ಪನೆಯೇ ಇಲ್ಲ' ಎಂಬ ಅರ್ಧ ವಾಕ್ಯ ಮಾತ್ರ ಉಳಿಯಿತು. 2013ರ ಡಿಎಸ್‌ಎಂ-5 ಎಂಬ, ಅಮೆರಿಕದ ಮನೋವೈದ್ಯರ ಸಂಘದ ರೋಗನಿರ್ಣಯ ಕೈಪಿಡಿಯಲ್ಲಿ ಕಲ್ಪನೆಯ ಕೊರತೆಯೆಂಬ ಪ್ರತ್ಯೇಕ ಲಕ್ಷಣವೇ ಇಲ್ಲ; ಕಲ್ಪನೆಯ ಆಟವನ್ನು ಇತರರೊಡನೆ ಹಂಚಿಕೊಳ್ಳುವ ಕಷ್ಟವನ್ನು ಸಾಮಾಜಿಕ ತೊಡಕುಗಳ ಒಂದು ಉದಾಹರಣೆಯಾಗಿ ಮಾತ್ರ ಹೇಳಿದ್ದಾರೆ. ಕಲ್ಪನೆಯಿಲ್ಲದ ಹುಡುಗ ತನ್ನದೇ ರೈಲಿಗೆ ಭಾನುವಾರ ಮೆಗಾಬ್ಲಾಕ್ ಹಾಕಿಕೊಳ್ಳುತ್ತಾನೆಯೇ? ಅಷ್ಟು ನಿಷ್ಠುರವಾದ ಕಲ್ಪನೆ ನಮ್ಮಲ್ಲಿ ಅನೇಕರಿಗೆ ಸಾಧ್ಯವಾಗದು.

ಅವನು ನಡೆಯುವ ಹೊತ್ತನ್ನೂ ಗಮನಿಸಿ. ದಿನವಿಡೀ ತರಗತಿಯ ಗದ್ದಲ, ಬೆಲ್ಲು, ಮೈಗೆ ಮೈ ತಾಗುವ ನೂಕುನುಗ್ಗಲು, ಯಾರ ಮಾತಿಗೆ ಏನು ಉತ್ತರಿಸಬೇಕೆಂಬ ಲೆಕ್ಕಾಚಾರ ಇವೆಲ್ಲವನ್ನೂ ಸಹಿಸಿಕೊಂಡು ಬಂದವನಿಗೆ, ಎಲ್ಲವೂ ನಿಯಮದಂತೆ ನಡೆಯುವ ಜಾಗವೊಂದು ಬೇಕಾಗುತ್ತದೆ. ನಡಿಗೆ ಮತ್ತು ಲಾಡಿಯ ಅಲ್ಲಾಟ ಆ ವಿಶ್ರಾಂತಿಯ ಭಾಗಗಳೇ. ಲಾಡಿಯನ್ನು ಕಸಿದುಕೊಂಡರೆ ಕನಸು ನಿಲ್ಲುವುದಿಲ್ಲ, ಮಗ ನಿಮ್ಮಿಂದ ಅಡಗಿ ನಡೆಯಲು ಕಲಿಯುತ್ತಾನೆ, ಅಷ್ಟೆ.

ಆದ್ದರಿಂದ ನಿಲ್ಲಿಸಬೇಡಿ, ಆದರೆ ಹೊತ್ತು ಗೊತ್ತು ಮಾಡಿ. ಊಟ ಅಥವಾ ಓದಿಗೆ ಕರೆಯುವ ಹತ್ತು ನಿಮಿಷ ಮೊದಲು ತಿಳಿಸಿ. ಗಾಡಿ ನಡುದಾರಿಯಲ್ಲಿದ್ದಾಗ ತಟ್ಟನೆ ಕೂಗಿದರೆ ಸಿಟ್ಟು ಬರುತ್ತದೆ, ಮುಂದಿನ ನಿಲ್ದಾಣದಲ್ಲಿ ಇಳಿಯಲು ಹೇಳಿದರೆ ಇಳಿಯುತ್ತಾನೆ. ಅವನೇ ತೋರಿಸಿದರೆ ನೋಟ್‌ಬುಕ್ ನೋಡಿ, ರತ್ನಾಗಿರಿಯಲ್ಲಿ ಗಾಡಿ ಎಷ್ಟು ಹೊತ್ತು ನಿಲ್ಲುತ್ತದೆ ಎಂದು ಕೇಳಿ. ಆದರೆ ದಯವಿಟ್ಟು ಅದನ್ನು ಗಣಿತದ ಪಾಠವಾಗಿಸಬೇಡಿ. ನಮ್ಮ ಮನೆಗಳಲ್ಲಿ ಮಕ್ಕಳ ಯಾವ ಸಂತೋಷವನ್ನೂ ಪರೀಕ್ಷೆಗೆ ಜೋಡಿಸದೆ ಬಿಡುವ ಅಭ್ಯಾಸವಿಲ್ಲ.

ಅತ್ತೆಯವರ ಆತಂಕವನ್ನೂ ತಳ್ಳಿಹಾಕಬೇಡಿ, ನೂಲು ಅವರ ಸಮಾಧಾನಕ್ಕಿರಲಿ. ನೀವು ಮಾತ್ರ ಮಗನನ್ನು ಒಂದು ಪ್ರಶ್ನೆ ಕೇಳಿ: ಈ ರೈಲು ನಿಜವಾಗಿಯೂ ಇದೆಯೇ? ಇಲ್ಲ, ನಾನೇ ಮಾಡಿದ್ದು ಎಂದರೆ ಭಯಪಡುವ ಕಾರಣವಿಲ್ಲ. ತಾನು ಕಲ್ಪಿಸಿಕೊಳ್ಳದ ದನಿಗಳು ಹೊರಗಿನಿಂದ ಕೇಳಿಸುತ್ತಿವೆ, ಯಾರೋ ಆಜ್ಞೆ ಮಾಡುತ್ತಿದ್ದಾರೆ ಎಂದರೆ, ಅಥವಾ ನಿದ್ರೆ, ಊಟ, ಸ್ನಾನಗಳು ಒಮ್ಮೆಲೇ ತಪ್ಪತೊಡಗಿದರೆ, ತಡಮಾಡದೆ ಮನೋವೈದ್ಯರಿಗೆ ತೋರಿಸಬೇಕು.

ಪ್ರಶ್ನೆ: ನಾನು ಧಾರವಾಡದವಳು, ಪುಣೆಯ ಹಿಂಜವಡಿಯಲ್ಲಿ ಕೆಲಸ, ವಯಸ್ಸು ಇಪ್ಪತ್ತೊಂಬತ್ತು. ನನಗೆ ಆಟಿಸಂ ಇದೆಯೆಂದು ಕಳೆದ ವರ್ಷವಷ್ಟೇ ಗೊತ್ತಾಯಿತು. ಬಾಲ್ಯದಿಂದಲೂ ನನ್ನ ಮನಸ್ಸಿನಲ್ಲಿ ಒಂದು ಕುಟುಂಬದ ಕತೆ ಮುಂದುವರಿಯುತ್ತಿದೆ. ಅಲ್ಲಿ ನಾನು ಎಲ್ಲರೊಡನೆ ಸಲೀಸಾಗಿ ಮಾತನಾಡುತ್ತೇನೆ. ಇಯರ್‌ಫೋನಿನಲ್ಲಿ ಹಾಡು ಹಾಕಿದರೆ ಸಾಕು, ಕಂಪನಿಯ ಬಸ್ಸಿನಲ್ಲಿ ವಾಕಡ್ ದಾಟಿದ್ದೂ ತಿಳಿಯುವುದಿಲ್ಲ. ಶನಿವಾರ, ಭಾನುವಾರಗಳು ಹಾಗೆಯೇ ಕಳೆದುಹೋಗುತ್ತವೆ, ಆಮೇಲೆ ನಾಚಿಕೆಯಾಗುತ್ತದೆ. ಇದು ರೋಗವೇ?
– ಓದುಗರೊಬ್ಬರು, ಪುಣೆ

ಉತ್ತರ: ನೀವು ಬರೆದಿರುವುದನ್ನು ಇಸ್ರೇಲಿನ ಹೈಫಾ ವಿಶ್ವವಿದ್ಯಾಲಯದ ಮನಶ್ಶಾಸ್ತ್ರಜ್ಞ ಎಲೀ ಸೋಮರ್ ಅವರು 2002ರಲ್ಲಿ ಆರು ಮಂದಿಯ ಅನುಭವದ ಆಧಾರದ ಮೇಲೆ ವಿವರಿಸಿ, 'ಮ್ಯಾಲಡಾಪ್ಟಿವ್ ಡೇಡ್ರೀಮಿಂಗ್' ಎಂದು ಕರೆದರು, ಬದುಕಿಗೆ ಅಡ್ಡಬರುವಷ್ಟು ಬೆಳೆದ ಹಗಲುಗನಸು ಎಂದು ತಿಳಿಯಬಹುದು. ಹಾಡಿನಿಂದ ಶುರುವಾಗುವುದು, ಕತೆ ವರ್ಷಗಟ್ಟಲೆ ಬೆಳೆಯುವುದು, ಬಿಟ್ಟಿರಲಾಗದ ಸೆಳೆತ, ಆಮೇಲಿನ ನಾಚಿಕೆ ಇವೆಲ್ಲ ಆ ವಿವರಣೆಯಲ್ಲಿವೆ. ಇದನ್ನು ಅಳೆಯಲು ಹದಿನಾರು ಪ್ರಶ್ನೆಗಳ ಮಾಪಕವೊಂದಿದೆ. ಆದರೆ ಡಿಎಸ್‌ಎಂ-5 ಆಗಲಿ, ವಿಶ್ವ ಆರೋಗ್ಯ ಸಂಸ್ಥೆಯ ರೋಗಪಟ್ಟಿಯಾದ ಐಸಿಡಿ-11 ಆಗಲಿ ಇದನ್ನು ಪ್ರತ್ಯೇಕ ರೋಗವೆಂದು ಪಟ್ಟಿ ಮಾಡಿಲ್ಲ, ಇದಕ್ಕೆಂದೇ ಮಾನ್ಯತೆ ಪಡೆದ ಮಾತ್ರೆಯೂ ಇಲ್ಲ.

ನಿಮ್ಮ ಕಾಗದದಲ್ಲಿ ನನ್ನನ್ನು ತಡೆದು ನಿಲ್ಲಿಸಿದ್ದು ಕತೆಯೊಳಗಿನ ಆ ಸಲೀಸು ಮಾತು. ಕಚೇರಿಯಲ್ಲಿ ಕಣ್ಣಲ್ಲಿ ಕಣ್ಣಿಟ್ಟು, ನಗಬೇಕಾದಲ್ಲಿ ನಕ್ಕು, ಇತರರಂತೆ ಕಾಣಿಸಿಕೊಳ್ಳಲು ಐದು ದಿನ ಹೆಣಗಿದವರಿಗೆ, ಯಾರೂ ತಪ್ಪು ತಿಳಿಯದ ಮನೆಯೊಂದು ಒಳಗೇ ಸಿದ್ಧವಿದ್ದರೆ ಅಲ್ಲಿಂದ ಎದ್ದು ಬರಲು ಮನಸ್ಸಾಗುವುದು ಕಷ್ಟ. ಕನಸನ್ನು ಕತ್ತರಿಸುವ ಪ್ರಯತ್ನಕ್ಕಿಂತ ಅದರ ಹಿಂದಿರುವ ಆಯಾಸ ಮತ್ತು ಒಂಟಿತನದಿಂದ ಆರಂಭಿಸುವುದು ಮೇಲು ಎಂದು ನನ್ನ ಅಭಿಪ್ರಾಯ. ಕೆಲವು ವಾರ ಸಣ್ಣದೊಂದು ದಾಖಲೆ ಇಡಿ: ಕತೆ ಯಾವಾಗ ಶುರುವಾಯಿತು, ಅದಕ್ಕೆ ಮೊದಲು ಏನು ನಡೆದಿತ್ತು, ಯಾವ ಹಾಡು, ಎಷ್ಟು ಹೊತ್ತು. ಬಸ್ಸಿನಲ್ಲಿ ಇಯರ್‌ಫೋನ್ ಬಿಡಿ. ಶನಿವಾರ ಬೆಳಿಗ್ಗೆ ಕತೆಗೆ ಹೊತ್ತು ಕೊಟ್ಟು, ಮಧ್ಯಾಹ್ನ ಮನೆಯ ಹೊರಗಿನ ಒಂದು ಕೆಲಸವನ್ನು ಮೊದಲೇ ನಿಗದಿ ಮಾಡಿಕೊಳ್ಳಿ. ಖಿನ್ನತೆ, ಆತಂಕ ಅಥವಾ ಗಮನ ನಿಲ್ಲದ, ಚಡಪಡಿಕೆಯ ತೊಂದರೆಯಾದ ಎಡಿಎಚ್‌ಡಿ ಜೊತೆಗಿದ್ದರೆ ಅವಕ್ಕೆ ಚಿಕಿತ್ಸೆ ಇದೆ, ಅದನ್ನು ಪರೀಕ್ಷಿಸಿಕೊಳ್ಳಿ. ಆಪ್ತಸಲಹೆಗಾರರನ್ನು ಆರಿಸುವಾಗ, ವಯಸ್ಕರ ಆಟಿಸಂ ಬಗ್ಗೆ ಅವರಿಗೆ ಅನುಭವವಿದೆಯೇ ಎಂದು ಫೋನಿನಲ್ಲೇ ಕೇಳಿಬಿಡಿ. ಕತೆಯನ್ನು ಬರೆದಿಡುವುದರಿಂದ ಕೆಲವರಿಗೆ ಸೆಳೆತ ಕಡಿಮೆಯಾಗುತ್ತದೆ, ಕೆಲವರಿಗೆ ಹೆಚ್ಚುತ್ತದೆ. ಅದನ್ನು ನಿಮ್ಮ ದಾಖಲೆಯೇ ಹೇಳಬೇಕು.

ಪ್ರಶ್ನೆ: ಆಟಿಸಂ ಇರುವ ನಮ್ಮ ಆರು ವರ್ಷದ ಮಗಳು ತುತ್ತು ಬಾಯಿಗಿಡುವಾಗಲೇ ಕೆಲವು ಸೆಕೆಂಡು ಸ್ತಬ್ಧಳಾಗಿ ದಿಟ್ಟಿಸುತ್ತಾಳೆ, ರೆಪ್ಪೆ ಅದುರುತ್ತದೆ, ಆಮೇಲೆ ಏನೂ ಆಗದಂತೆ ಉಣ್ಣುತ್ತಾಳೆ. ಹಗಲುಗನಸು ಎಂದು ಟೀಚರ್ ಹೇಳುತ್ತಾರೆ.
– ತಂದೆ, ವಾಸ್ಕೊ

ಉತ್ತರ: ಹಗಲುಗನಸೆಂದು ಈಗಲೇ ತೀರ್ಮಾನಿಸಬೇಡಿ. ಆಟಿಸಂ ಇರುವ ಮಕ್ಕಳಲ್ಲಿ ಅಪಸ್ಮಾರ (ಫಿಟ್ಸ್) ಇತರರಿಗಿಂತ ಹೆಚ್ಚು. ಅದರಲ್ಲಿ 'ಆಬ್ಸೆನ್ಸ್' ಎಂಬ ಬಗೆಯಲ್ಲಿ ಮಗು ಬೀಳುವುದಿಲ್ಲ, ನಡುಗುವುದಿಲ್ಲ, ಕ್ಷಣಕಾಲ ಅರಿವು ತಪ್ಪುತ್ತದೆ. ದಿನಕ್ಕೆ ಹಲವು ಬಾರಿ ಬರಬಹುದು. ಕನಸಿನಲ್ಲಿರುವ ಮಗು ಸಾಮಾನ್ಯವಾಗಿ ಭುಜ ಮುಟ್ಟಿ ಕರೆದರೆ ಎಚ್ಚೆತ್ತುಕೊಳ್ಳುತ್ತದೆ, ಇದರಲ್ಲಿ ಹಾಗಾಗುವುದಿಲ್ಲ. ಮೊಬೈಲಿನಲ್ಲಿ ವಿಡಿಯೋ ಮಾಡಿಕೊಂಡು ಮಕ್ಕಳ ತಜ್ಞರಿಗೆ ಅಥವಾ ಬಾಂಬೋಳಿಯ ಗೋವಾ ಮೆಡಿಕಲ್ ಕಾಲೇಜಿಗೆ ತೋರಿಸಿ, ಮಿದುಳಿನ ವಿದ್ಯುತ್ ಚಟುವಟಿಕೆ ನೋಡುವ ಇಇಜಿ ಪರೀಕ್ಷೆ ಮಾಡಿಸಿ. ವರದಿ ಬರುವವರೆಗೆ ಅವಳನ್ನು ಒಲೆಯ ಹತ್ತಿರ ಬಿಡಬೇಡಿ, ಸ್ನಾನಕ್ಕೆ ಒಬ್ಬಳನ್ನೇ ಕಳಿಸಬೇಡಿ, ಸಮುದ್ರದಲ್ಲಿ ಕೈ ಬಿಡಬೇಡಿ.