ನೀವು ಕೇಳಿದ್ದು: ರೇಡಿಯೊ, ಕ್ಯಾಸೆಟ್ಟು, ಹಳೆಯ ಹಾಡು

ಪ್ರಶ್ನೆ: ನನಗೀಗ 54. ಪಿಯುಸಿ ಓದುವಾಗ ಹೊಸ ಹಾಡೆಂದು ಕಾದು ಕೇಳುತ್ತಿದ್ದ ಚಿತ್ರಗೀತೆಗಳೆಲ್ಲ ಈಗ ರಾತ್ರಿಯ ‘ಹಳೆಯ ಮಧುರ ಗೀತೆ’ಗಳ ಸಾಲಿಗೆ ಸೇರಿವೆ. ಕೇಳಿದಾಗ ಒಮ್ಮೆಲೇ ವಯಸ್ಸಾದಂತೆ ಅನ್ನಿಸುತ್ತದೆ. ಯಾಕೆ ಹೀಗೆ?
– ಓದುಗರು, ತೀರ್ಥಹಳ್ಳಿ

ಉತ್ತರ: ಎಫ್‌ಎಂ ಕೇಂದ್ರಗಳು ಹಾಡುಗಳನ್ನು ಬಿಡುಗಡೆಯಾದ ವರ್ಷದ ಪ್ರಕಾರ ವಿಂಗಡಿಸಿ ಕಂಪ್ಯೂಟರಿನಲ್ಲಿ ಇಟ್ಟಿರುತ್ತವೆ. ಹೊಸ ಹಾಡಿಗೆ ದಿನಕ್ಕೆ ಹಲವು ಸರದಿ. ಹಳೆಯದಕ್ಕೆ ಕೆಲವು ದಿನಕ್ಕೊಮ್ಮೆ, ಎಷ್ಟೋ ಸಲ ವಾರಗಳಿಗೊಮ್ಮೆ. ಇವೆರಡರ ನಡುವಿನ ಗಡಿ ವರ್ಷವರ್ಷವೂ ಮುಂದೆ ಸರಿಯುತ್ತದೆ. ‘ಪ್ರೇಮಲೋಕ’ ಬಂದದ್ದು 1987ರಲ್ಲಿ, ‘ಮುಂಗಾರು ಮಳೆ’ 2006ರ ಡಿಸೆಂಬರ್ ಕೊನೆಯಲ್ಲಿ. ಎರಡರ ನಡುವೆ 19 ವರ್ಷ. ‘ಮುಂಗಾರು ಮಳೆ’ಯೂ ಈಗ ಅಷ್ಟೇ ಹಳೆಯದಾಗಿದೆ.

ನಿಮ್ಮ ನೆನಪಿಗೆ ಈ ಗಡಿ ಗೊತ್ತಿಲ್ಲ. ಸುಮಾರು 10ರಿಂದ 30ರ ವಯಸ್ಸಿನಲ್ಲಿ ಕಂಡು ಕೇಳಿದ್ದು ಮುಂದೆ ಬೇರೆಲ್ಲಕ್ಕಿಂತ ಗಟ್ಟಿಯಾಗಿ ಉಳಿಯುತ್ತದೆ ಎಂಬುದನ್ನು ಮನಶ್ಶಾಸ್ತ್ರಜ್ಞರು ಮತ್ತೆ ಮತ್ತೆ ಗಮನಿಸಿದ್ದಾರೆ. ಅನೇಕ ಸಂಗತಿಗಳು ಆಗ ಮೊದಲ ಸಲ ನಡೆಯುತ್ತವೆ. ಹಾಡು ಅವಕ್ಕೆ ಅಂಟಿಕೊಳ್ಳುತ್ತದೆ. ಹಾಗಾಗಿ ಆ ಹಾಡು ನಿಮ್ಮೊಳಗೆ ಇನ್ನೂ ಹದಿನೇಳರದ್ದೇ. ನಿರೂಪಕರು ‘ಹಳೆಯದು’ ಅಂದಾಗ ಚುಚ್ಚುವುದು ಅದಕ್ಕೇ. ‘ಹಳೆಯದು’ ಎನ್ನುವ ಬದಲು ವರ್ಷ, ಕವಿ, ಸಂಗೀತ ನಿರ್ದೇಶಕ, ಗಾಯಕರ ಹೆಸರು ಹೇಳಿ ಹಾಡು ಹಾಕಬೇಕು ಎಂಬುದು ನಮ್ಮ ಅಭಿಪ್ರಾಯ. ಕೋರಿಕೆ ಕಳಿಸುವಾಗ ನೀವೂ ಇಷ್ಟನ್ನು ಬರೆಯಿರಿ, ಹುಡುಕುವವರಿಗೂ ಸುಲಭ.

ಪ್ರಶ್ನೆ: ಅಟ್ಟದ ಮೇಲಿದ್ದ ಕ್ಯಾಸೆಟ್ಟುಗಳಿಗೆ ಬೂಷ್ಟು ಹಿಡಿದಿದೆ. ಕಂಪ್ಯೂಟರಿಗೆ ಇಳಿಸಿಕೊಳ್ಳಬಹುದೆ?
– ಓದುಗರು, ಹೊಸನಗರ

ಉತ್ತರ: ಬಹುಪಾಲು ಉಳಿಸಿಕೊಳ್ಳಬಹುದು, ಆದರೆ ಬೂಷ್ಟಿದ್ದ ಹಾಗೇ ಹಾಕಬೇಡಿ. ಆ ಪುಡಿ ಪ್ಲೇಯರಿನ ಹೆಡ್ಡಿಗೆ (ಟೇಪಿನಿಂದ ದನಿ ಓದುವ ಭಾಗ) ಮೆತ್ತಿಕೊಂಡು ಮುಂದಿನ ಕ್ಯಾಸೆಟ್ಟುಗಳಿಗೂ ಹರಡುತ್ತದೆ. ಬಿಸಿಲು ಬಿದ್ದ ದಿನ, ಮುಖಕ್ಕೆ ಮಾಸ್ಕ್ ಕಟ್ಟಿಕೊಂಡು, ಹೊರಗೆ ನೆರಳಿನಲ್ಲಿ ಕೂತು ಕೆಲಸ ಮಾಡಿ. ಸ್ಕ್ರೂ ಇರುವ ಕ್ಯಾಸೆಟ್ಟಾದರೆ (ಸಾಮಾನ್ಯವಾಗಿ ಐದಿರುತ್ತವೆ) ಬಿಚ್ಚಿ, ಸುರುಳಿಯ ಅಂಚಿನ ಬೂಷ್ಟನ್ನು ಒಣ ಮೆತ್ತನೆ ಬ್ರಷ್ಷಿನಿಂದ ತೆಗೆಯಿರಿ. ಅಂಟಿಸಿದ್ದಾದರೆ ಬಿಚ್ಚಲು ಹೋಗಿ ಒಡೆಯಬೇಡಿ. ಪೆನ್ಸಿಲ್ ತೂರಿಸಿ ಎರಡೂ ಕಡೆ ಕೈಯಲ್ಲಿ ತಿರುಗಿಸಿ ನೋಡಿ. ಬಿಗಿಯಿದ್ದರೆ ಬಲ ಹಾಕಬೇಡಿ, ಟೇಪು ಹರಿಯುತ್ತದೆ. 90 ನಿಮಿಷದ್ದರ ಟೇಪು 60ರದ್ದಕ್ಕಿಂತ ತೆಳುವಾದ್ದರಿಂದ ಬೇಗ ಸಿಕ್ಕಿಕೊಳ್ಳುತ್ತದೆ.

ಒಮ್ಮೆ ಪೂರ್ತಿ ಮುಂದಕ್ಕೆ, ಒಮ್ಮೆ ಪೂರ್ತಿ ಹಿಂದಕ್ಕೆ ಓಡಿಸಿದ ಮೇಲೆ ನುಡಿಸಿ. ಪ್ರತಿ ಕ್ಯಾಸೆಟ್ಟಿನ ನಂತರ ಹೆಡ್ಡನ್ನು ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಅದ್ದಿದ ಹತ್ತಿಯಿಂದ ಒರೆಸಬೇಕು. ದನಿ ಮಂಕಾಗಿದ್ದರೆ ಟೇಪಿನ ಹಿಂದೆ ಒತ್ತಿ ಹಿಡಿಯುವ ಪುಟ್ಟ ಬಟ್ಟೆಯ ತುಂಡು ಉದುರಿದೆಯೇ ನೋಡಿ. ನಮ್ಮ ಕಡೆಯ ತೇವಕ್ಕೆ ಅದರ ಅಂಟು ಬಿಡುವುದು ಸಾಮಾನ್ಯ. ಅದೂ ಸರಿಯಿದ್ದರೆ ಹೆಡ್ಡಿನ ಪಕ್ಕದ ಸಣ್ಣ ಸ್ಕ್ರೂವನ್ನು ಕೂದಲೆಳೆಯಷ್ಟು ತಿರುಗಿಸಿ, ತಾಳದ ಝಣಝಣ ಕೇಳುವ ಕಡೆ ನಿಲ್ಲಿಸಿ. ಹಾಡು ಎಳೆದಂತೆ ನಿಧಾನವಾಗಿದ್ದರೆ ರಬ್ಬರ್ ಬೆಲ್ಟು ಸಡಿಲವಾಗಿದೆ, ಬದಲಿಸಬೇಕು.

ಪ್ಲೇಯರಿನ ಲೈನ್‌ಔಟ್‌ನಿಂದ, ಇಲ್ಲದಿದ್ದರೆ ಇಯರ್‌ಫೋನ್ ರಂಧ್ರದಿಂದ, ತಂತಿ ಎಳೆದು ಯುಎಸ್‌ಬಿ ಸೌಂಡ್ ಕಾರ್ಡಿನ (ಕಂಪ್ಯೂಟರಿಗೆ ದನಿ ಒಳಕೊಡುವ ಪುಟ್ಟ ಸಾಧನ) ಲೈನ್‌ಇನ್‌ಗೆ ಕೊಡಿ. ಲ್ಯಾಪ್‌ಟಾಪಿನ ಮೈಕ್ ರಂಧ್ರಕ್ಕೆ ಕೊಟ್ಟರೆ ದನಿ ಒಡೆಯುತ್ತದೆ. ರೆಕಾರ್ಡ್ ಮಾಡುವಾಗ 44.1 ಕಿಲೋಹರ್ಟ್ಸ್, 16 ಬಿಟ್ ಡಬ್ಲ್ಯುಎವಿ (ದನಿಯನ್ನು ಕುಗ್ಗಿಸದೆ ಉಳಿಸುವ ಕಡತ) ಆಯ್ದುಕೊಂಡರೆ ಸಾಕು. ಒಂದು ಗಂಟೆಗೆ ಸುಮಾರು 635 ಎಂಬಿ.

ಮಳೆಗಾಲದಲ್ಲಿ ಒಲೆಯ ಮೇಲಿನ ಅಟ್ಟದಲ್ಲಿ ಇಡಬೇಡಿ, ಕಾವಿಗೆ ಪ್ಲಾಸ್ಟಿಕ್ ಸೊಟ್ಟಗಾಗುತ್ತದೆ. ಬಿಗಿ ಮುಚ್ಚಳದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣ ಹಾಕಿ, ಕ್ಯಾಸೆಟ್ಟುಗಳನ್ನು ನೆಟ್ಟಗೆ ನಿಲ್ಲಿಸಿಡಿ.

ಪ್ರಶ್ನೆ: ನಮ್ಮ ಮನೆ ಗುಡ್ಡದ ಬುಡದಲ್ಲಿದೆ, ಎಫ್‌ಎಂ ಬರೀ ಸುಯ್ ಅನ್ನುತ್ತದೆ.
– ಓದುಗರು, ಆಗುಂಬೆ ಹತ್ತಿರ

ಉತ್ತರ: ಎಫ್‌ಎಂ ಅಲೆ ಹೆಚ್ಚುಕಡಿಮೆ ನೇರ ದಾರಿ ಹಿಡಿಯುತ್ತದೆ, ಗುಡ್ಡ ಅಡ್ಡ ಬಂದರೆ ಸೊರಗುತ್ತದೆ. ತಲಾ 70 ಸೆಂಟಿಮೀಟರಿನ ಎರಡು ಅಲ್ಯೂಮಿನಿಯಂ ಕೊಳವೆಗಳನ್ನು ಒಂದೇ ನೇರ ಗೆರೆಯಲ್ಲಿ, ತುದಿಗಳು ಎದುರಾದರೂ ಒಂದಕ್ಕೊಂದು ತಾಗದಂತೆ ಕಟ್ಟಿ, ಆ ತುದಿಗಳಲ್ಲಿ ಟಿವಿ ಕೇಬಲ್ಲಿನ ನಡುತಂತಿಯನ್ನು ಒಂದಕ್ಕೆ, ಜಾಲರಿಯನ್ನು ಇನ್ನೊಂದಕ್ಕೆ ಜೋಡಿಸಿ, ಮಾಡಿಗಿಂತ ಎತ್ತರದಲ್ಲಿ ನಿಲ್ಲಿಸಿ. ಕೇಬಲ್ಲಿನ ಇನ್ನೊಂದು ತುದಿ ರೇಡಿಯೊದ ಆಂಟೆನಾಕ್ಕೆ. ಅಡ್ಡ, ಉದ್ದ ಎರಡೂ ಮಾಡಿ ನೋಡಿ. ಗುಡುಗು ಶುರುವಾಗುವ ಮೊದಲೇ ಕೇಬಲ್ ಕಿತ್ತಿಡಿ.